ಮೂರು, ಎಂಟು, ಒಂದು, ನಾಕು

ಹುಣಸೆಹಣ್ಣಿಗೆ ಇಟ್ಟಿಗೆ ಪುಡಿ ಕಲಸಿ ಹಿತ್ತಾಳೆ ತಿಕ್ಕುವಾಗ ಒಂದು ವಾಸನೆ ಏಳುತ್ತದೆ. ಮೊದಲು ಹುಳಿ, ಆಮೇಲೆ ಒದ್ದೆ ಮಣ್ಣು, ಕೊನೆಗೆ ನಾಲಿಗೆಯ ತುದಿಗೆ ತಾಗುವ ಒಂಥರಾ ಒಗರು. ಸರ್ವಮಂಗಳಾಗೆ ಐವತ್ತೆಂಟು ತುಂಬಿದರೂ ಆ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ಸಾಕು, ಮೈಸೂರಿನ ಲಷ್ಕರ್ ಮೊಹಲ್ಲಾದ ಮನೆಯ ಹಿತ್ತಿಲು ಕಣ್ಣಿಗೆ ಕಟ್ಟುತ್ತಿತ್ತು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೊಡ ತಿಕ್ಕುತ್ತಿದ್ದಾಳೆ. ಕೊಡದ ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ನಾಲ್ಕು ಅಂಕಿಗಳು ಕಪ್ಪು ಕಳಚಿಕೊಂಡು ಮೆಲ್ಲನೆ ಹೊಳೆಯಲು ತೊಡಗುತ್ತವೆ. ಮೂರು, ಎಂಟು, ಒಂದು, ನಾಕು. ಅ ಆ ಇ ಈ ಕಲಿಯುವ ಮುಂಚೆಯೇ ಸರ್ವಮಂಗಳಾ ಕಲಿತದ್ದು ಅವನ್ನು.

ಬೇರೆಯವರ ಮನೆಯ ಪಾತ್ರೆಗಳ ಮೇಲೆ ಯಜಮಾನರ ಹೆಸರಿರುತ್ತಿತ್ತು. ಅವ್ವ ಸಿದ್ದಲಿಂಗಮ್ಮ ಗಂಡನ ಹೆಸರನ್ನು ಬಾಯಲ್ಲಿ ಹೇಳುವವಳಲ್ಲ. ಗಂಡ ಪಲ್ಟನ್ನು ಸೇರಿ ಮೊದಲ ಮನಿಯಾರ್ಡರು ಕಳಿಸಿದಾಗ ಒಬ್ಬಳೇ ಹೋಗಿ ಒಂದು ಹಿತ್ತಾಳೆ ಕೊಡ ಕೊಂಡಳು. ಅಂಗಡಿಯ ಮುಂದೆ ಉಳಿ ಸುತ್ತಿಗೆ ಹಿಡಿದು ಕೂತಿದ್ದವನು, "ಯಾರ ಹೆಸರು ಹಾಕ್ಲಿ ತಾಯಿ?" ಅಂದ. ಅವ್ವ ತುಂಬ ಹೊತ್ತು ನೆಲ ನೋಡುತ್ತಾ ನಿಂತು, "ಅವರ ಪಲ್ಟನ್ ನಂಬರ್ ಹಾಕಪ್ಪ" ಅಂದಳಂತೆ. ಅವನು ನಗುತ್ತಲೇ ಕೊರೆದನಂತೆ. ಅಲ್ಲಿಂದಾಚೆಗೆ ಚೊಂಬು, ತಟ್ಟೆ, ಸೌಟು ಎಲ್ಲಕ್ಕೂ ಅದೇ.

ಹೆಸರಿಗಿಂತ ನಂಬರನ್ನೇ ನಂಬುವ ಪಾಠ ಹೇಳಿಕೊಟ್ಟಿದ್ದೂ ಸ್ವತಃ ಗಂಡನೇ. ನಲವತ್ತೊಂದರಲ್ಲಿ ರಜಾ ಮುಗಿಸಿ ಹೊರಡುವ ದಿನ, ಹೊಟ್ಟೆಯಲ್ಲಿ ಮಗ ವಿಶ್ವನಾಥನಿದ್ದ ಹೆಂಡತಿಗೆ ಹೇಳಿ ಹೋಗಿದ್ದನಂತೆ: "ಪಲ್ಟನ್ನಲ್ಲಿ ನನ್ನ ಹೆಸರಿನೋರು ನಾಕು ಜನ ಇದಾರೆ. ನಮ್ಮ ಮೇಲಿನ ಬೀದಿಯೋನೇ ಒಬ್ಬ. ಹೆಸರು ಕೇಳಿ ಹೆದರ್ಬೇಡ, ಹೆಸರು ಕೇಳಿ ಹಿಗ್ಗಬೇಡ. ನಂಬರು ಕೇಳು." ಅಷ್ಟು ಹೇಳಿ ಹೋದವನು ಸಮುದ್ರ ದಾಟಿದ. ಮುಂದಿನ ವರ್ಷದಿಂದ ಮನಿಯಾರ್ಡರೂ ಇಲ್ಲ, ಕಾಗದವೂ ಇಲ್ಲ. ಯುದ್ಧ ಮುಗಿದ ಮೇಲೆ ದೊಡ್ಡಪ್ಪ ಎರಡು ಸಲ ಕಚೇರಿಗೆ ಅಲೆದು, "ಹುಡುಕ್ತೀವಿ ಅಂದ್ರು" ಅಂತ ಬಂದು ಹೇಳಿದ್ದ. ಆ ಮಾತಿಗೇ ಅರ್ಧ ಶತಮಾನ ಆಗಿತ್ತು.

ಅವ್ವ ಅಷ್ಟು ವರ್ಷವೂ ಹಣೆಗೆ ವಿಭೂತಿ ಹಚ್ಚಿ, ಅದರ ನಡುವೆ ಕುಂಕುಮ ಇಟ್ಟಳು. ಕೈತುಂಬ ಹಸಿರು ಬಳೆ ತೊಟ್ಟಳು. ಆದರೆ ಯಾರ ಮನೆಯ ಶುಭಕಾರ್ಯಕ್ಕೆ ಹೋದರೂ, ಅರಿಶಿನ ಕುಂಕುಮದ ತಟ್ಟೆ ಬರುವ ಹೊತ್ತಿಗೆ ಎದ್ದು ಹೋಗಿ ಯಾವುದಾದರೂ ಕಂಬದ ಮರೆಗೆ ಕೂರುತ್ತಿದ್ದಳು. ಕೊಡಬೇಕೋ ಬಾರದೋ ಅಂತ ಕೊಡುವವರಿಗೆ ಗೊಂದಲವಾಗಬಾರದು ಅಂತ.

*

ಜಗಳ ಶುರುವಾದದ್ದು ತೊಂಬತ್ತಾರರ ಸೆಪ್ಟೆಂಬರಿನಲ್ಲಿ, ಒಂದು ಲಗ್ನಪತ್ರಿಕೆಯ ಕರಡಿನಿಂದ.

ವಿಶ್ವನಾಥನ ಮಗಳು ಅಕ್ಷತಾಗೆ ಯಾದವಗಿರಿಯ ಕಡೆ ಸಂಬಂಧ ಕೂಡಿಬಂದಿತ್ತು. ಮಾಘದಲ್ಲಿ ಮದುವೆ. ವಿಶ್ವನಾಥ ರೇಷ್ಮೆ ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸದಲ್ಲಿದ್ದವನು, ಎಲ್ಲವನ್ನೂ ಆರು ತಿಂಗಳು ಮುಂಚೆಯೇ ಪಟ್ಟಿ ಮಾಡಿಡುವ ಸ್ವಭಾವ. ಪರಿಚಯದ ಪ್ರೆಸ್ಸಿನವನು ಮಾದರಿಗೆಂದು ಒಂದು ಹಾಳೆ ಮಾಡಿಕೊಟ್ಟು ಒಂದು ಪ್ರಶ್ನೆ ಕೇಳಿ ಕಳಿಸಿದ್ದ. ರಾತ್ರಿ ಊಟಕ್ಕೆ ಕೂತಾಗ ವಿಶ್ವನಾಥ ಅದನ್ನು ಎತ್ತಿದ.

"ಅಪ್ಪಾಜಿ ಹೆಸರಿನ ಹಿಂದೆ ಶ್ರೀ ಹಾಕ್ಲೋ, ದಿವಂಗತ ಹಾಕ್ಲೋ ಅಂತ ಕೇಳ್ತಾವ್ನೆ. ದಿವಂಗತ ಅಂತ ಹಾಕಿಸ್ಬುಡ್ತೀನಿ."

ಅವ್ವ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಲಿಲ್ಲ. "ಹಾಕ್ಸು. ಅದಕ್ಕೆ ಮುಂಚೆ ನಂಗೊಂದು ಕಾಗದ ತೋರ್ಸು."

"ಯಾವ ಕಾಗದ?"

"ಹೋಗ್ಬಿಟ್ರು ಅನ್ನೋ ಕಾಗದ."

"ಐವತ್ತೈದು ವರ್ಷ ಆಯ್ತು ಅವ್ವ! ಇನ್ನೂ ಕಾಗದ ಬೇಕಾ?"

ಸೊಸೆ ಪ್ರೇಮಲೀಲಾ ಪಲ್ಯ ಬಡಿಸುತ್ತಾ ಮೆಲ್ಲಗೆ ಬಾಯಿ ಹಾಕಿದಳು. "ಅತ್ತೆ, ನೀವು ಬೇಜಾರು ಮಾಡ್ಕೋಬೇಡಿ. ಶ್ರೀ ಅಂತ ಹಾಕಿದ್ರೆ ಬೀಗರು ಧಾರೆ ಹೊತ್ತಲ್ಲಿ ಎಲ್ಲಿ ನಿಮ್ಮ ಮಾವನೋರು, ಕರೀರಿ ಅಂದ್ರೆ ಯಾರನ್ನ ತೋರಿಸ್ಲಿ?"

"ಸ್ಟೋರ್ ರೂಮಲ್ಲಿ ಮಲಗವ್ರೆ ಅಂದ್ಬುಡಮ್ಮ," ಅಂದಳು ಅಕ್ಷತಾ. ಯಾರೂ ನಗಲಿಲ್ಲ. "ಇಲ್ಲಾಂದ್ರೆ ತಾತ, ಅಜ್ಜಿ ಇಬ್ಬರ ಹೆಸರೂ ಬಿಟ್ಟುಬಿಡಿ."

"ಬಿಡಿ," ಅಂದಳು ಅವ್ವ. "ನಂದೂ ಬಿಡಿ. ನಾನು ಯಾವ ಪಟ್ಟಿಗೂ ಸೇರ್ದೋಳಲ್ಲ." ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿದಿತ್ತು. ಅದನ್ನು ಮುಚ್ಚಿಟ್ಟು, ಗೋಡೆ ಹಿಡಿದುಕೊಂಡು ಎದ್ದು ಹೋದಳು. ಎರಡು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಅವ್ವನಿಗೆ ನಡೆಯುವುದು ಕಷ್ಟವಾಗಿತ್ತು.

ಸರ್ವಮಂಗಳಾ ಅವಳ ಹಿಂದೆಯೇ ಹೋದಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿ, ಮದುವೆಯಾಗದೆ, ತಮ್ಮನ ಸಂಸಾರದ ಜೊತೆಗೇ ಉಳಿದವಳು ಅವಳು. ಅವ್ವನ ಹಾಸಿಗೆಯ ಪಕ್ಕ ಅವಳ ಹಾಸಿಗೆ.

ಅವ್ವ ಗೋಡೆಗೆ ಮುಖ ಮಾಡಿಕೊಂಡೇ ಕೇಳಿದಳು. "ಮಂಗಳಾ, ನಾನು ಸತ್ತಾಗ ನನ್ನ ಎಂಗೆ ಕೂರಿಸ್ತೀರೆ? ಬಳೆ ಹಾಕಿ ಕೂರಿಸ್ತೀರೋ, ಒಡೆದು ಕೂರಿಸ್ತೀರೋ?"

ಸರ್ವಮಂಗಳಾ ಅವ್ವನ ಕಾಲಿಗೆ ಹೊದಿಕೆ ಎಳೆದಳು. ಮಾರನೆ ಬೆಳಿಗ್ಗೆ ಟೇಬಲ್ಲಿಗೆ ಕೂತು, ಹಳೆಯ ಪಲ್ಟನ್ನುಗಳ ದಾಖಲೆ ಇಟ್ಟಿರುವ ಕಚೇರಿಗೆ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದಳು. ವಿಳಾಸವನ್ನು ಶಾಲೆಯ ಎನ್‌ಸಿಸಿ ಮೇಷ್ಟ್ರನ್ನು ಕೇಳಿ ತಿಳಿದುಕೊಂಡಿದ್ದಳು. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಹೆಸರು ಎಂಗಾದ್ರೂ ಬರಿ. ನಂಬರು ದೊಡ್ಡದಾಗಿ ಬರಿ."

ದೊಡ್ಡದಾಗಿಯೇ ಬರೆದಳು. ಕೆಳಗೆ ಎರಡು ಗೆರೆ ಎಳೆದಳು.

*

ಉತ್ತರ ಬಂದದ್ದು ದೀಪಾವಳಿ ಹತ್ತಿರವಿದ್ದಾಗ. ಅಕ್ಷತಾ ಲಕೋಟೆ ಒಡೆದು ನಡುಮನೆಯಲ್ಲಿ ನಿಂತೇ ಓದಿದಳು. ಓದುತ್ತಾ ಓದುತ್ತಾ ಅವಳ ದನಿ ಇಳಿಯಿತು.

"ಏನಂತೆ?" ಅಂದ ವಿಶ್ವನಾಥ.

"ಅಪ್ಪ... ಮೇಲೆ ಹೇಳಿದ ನಂಬರಿನ ಸಿಪಾಯಿ ಸಾವಿರದ ಒಂಬೈನೂರ ನಲವತ್ತಾರನೇ ಇಸವಿ ಮಾರ್ಚ್ ಹನ್ನೊಂದಕ್ಕೆ ಸ್ವಂತ ಕೋರಿಕೆ ಮೇಲೆ ಬಿಡುಗಡೆ ಆಗಿದಾರಂತೆ. ಆಗ ಕೊಟ್ಟ ವಿಳಾಸ ಹೊಸಹುಂಡಿ, ಮೈಸೂರು ತಾಲ್ಲೂಕು. ಅಷ್ಟೇ ಇರೋದು."

ಒಲೆಯ ಮೇಲೆ ಹಾಲು ಉಕ್ಕಿ ಸುಟ್ಟ ವಾಸನೆ ಬಂದಾಗಲೇ ಪ್ರೇಮಲೀಲಾಗೆ ಎಚ್ಚರ.

"ಹೊಸಹುಂಡಿ," ಅಂದ ವಿಶ್ವನಾಥ. "ಸಿಟಿ ಬಸ್ಸಲ್ಲಿ ಹೋದ್ರೆ ಒಂದು ಗಂಟೆ ದಾರಿ. ಬದುಕಿ ಬಂದು, ಇಲ್ಲೇ ಪಕ್ಕದಲ್ಲಿ ಕೂತ್ಕೊಂಡು, ಮನೆಗೆ ಬರ್ಲಿಲ್ಲ ಆ ಮನುಷ್ಯ. ಇನ್ಯಾರನ್ನೋ ಕಟ್ಕೊಂಡಿರ್ತಾನೆ. ಈಯಮ್ಮ ಇಲ್ಲಿ ಬಳೆ ತೊಟ್ಕೊಂಡು ಕಂಬದ ಹಿಂದೆ ಕೂತ್ಕೊಂಡು..." ಚಪ್ಪಲಿ ಮೆಟ್ಟಿಕೊಂಡು ಹೊರಟ. ಬಾಗಿಲಲ್ಲಿ ತಿರುಗಿ, "ಆ ಹೆಸರು ನನ್ನ ಮಗಳ ಪತ್ರಿಕೇಲಿ ಬೇಡ. ಆ ಮನುಷ್ಯನಿಗೆ ಈ ಮನೇಲಿ ಒಂದು ಲೋಟ ನೀರೂ ಇಲ್ಲ," ಅಂದ.

ಸರ್ವಮಂಗಳಾ ಹೆದರಿ ಅವ್ವನ ಕಡೆ ನೋಡಿದಳು. ಅವ್ವ ಅಳುತ್ತಿರಲಿಲ್ಲ. ಅವಳ ಮುಖದಲ್ಲಿ ಮಗಳು ಎಂದೂ ಕಾಣದ ಒಂದು ತಿಳಿ ಬಂದಿತ್ತು.

"ಬದುಕಿದ್ರು ಅಂತಾಯ್ತಲ್ಲೆ," ಅಂದಳು ಅವ್ವ. "ಹೊತ್ತು ಹೊತ್ತಿಗೆ ಎಲ್ಲೋ ಒಂದು ಕಡೆ ಉಂಡವ್ರೆ."

"ಅವ್ವ, ನಿಂಗೆ ಸಿಟ್ಟು ಬರಲ್ವಾ?"

"ಬರ್ತದೆ ಇರು, ಆಮೇಲೆ ಬರ್ತದೆ. ಇಷ್ಟು ವರ್ಷ ನಾನು ತುತ್ತು ಎತ್ತಿದಾಗೆಲ್ಲ ಅವರು ಎಲ್ಲೋ ಹಸ್ಕೊಂಡವ್ರೆ ಅನ್ನಿಸೋದು. ಅದೊಂದು ತಪ್ತು."

ಆ ರಾತ್ರಿ ಅವ್ವ ಎರಡು ರೊಟ್ಟಿ ತಿಂದು ಇನ್ನೊಂದು ಕೇಳಿದಳು. ಪ್ರೇಮಲೀಲಾ ರೊಟ್ಟಿಯ ಮೇಲೆ ಬೆಣ್ಣೆ ಹಾಕಿದಳು. ಅಷ್ಟು ದೊಡ್ಡ ಬೆಣ್ಣೆ ಮುದ್ದೆಯನ್ನು ಆ ಮನೆಯಲ್ಲಿ ಬಂದ ನೆಂಟರಿಗೂ ಹಾಕುತ್ತಿರಲಿಲ್ಲ.

*

ಹಬ್ಬ ಕಳೆದ ಮೇಲೆ ಒಂದು ಬುಧವಾರ ಸರ್ವಮಂಗಳಾ ಯಾರಿಗೂ ಹೇಳದೆ ಹೊಸಹುಂಡಿಯ ಬಸ್ಸು ಹತ್ತಿದಳು. ಅವ್ವನಿಗೆ ಮಾತ್ರ ಹೇಳಿದ್ದಳು. ಅವ್ವ ಹೇಳಿ ಕಳಿಸಿದ್ದು ಒಂದೇ ಮಾತು: "ಜಗಳ ಆಡ್ಬೇಡ. ಕೆಮ್ಮು ಇದ್ಯಾ ನೋಡ್ಕೊಂಡು ಬಾ. ಮೊದಲಿಂದ್ಲೂ ಕೆಮ್ಮು ಅವರಿಗೆ."

ದಾರಿಯುದ್ದಕ್ಕೂ ಏನು ಅಂತ ಕರೆಯಬೇಕು ಎಂದೇ ಅವಳಿಗೆ ಯೋಚನೆ. ಅಪ್ಪಾಜಿ ಹೋದಾಗ ಅವಳಿಗೆ ಮೂರು ವರ್ಷ. ಮುಖ ನೆನಪಿರಲಿಲ್ಲ. ಎತ್ತಿಕೊಂಡಾಗ ಗಲ್ಲಕ್ಕೆ ಒತ್ತುತ್ತಿದ್ದ ಅಂಗಿಯ ತಣ್ಣನೆಯ ಗುಂಡಿ ಒಂದು ನೆನಪಿತ್ತು.

ಊರ ಬಾಗಿಲಲ್ಲಿ ಟೀ ಅಂಗಡಿಯವನನ್ನು, "ಹಿಂದೆ ಮಿಲ್ಟ್ರೀಲಿದ್ದೋರು ಯಾರಾದ್ರೂ ಇದಾರಾ ಇಲ್ಲಿ?" ಅಂತ ಕೇಳಿದಳು. "ಮಿಲ್ಟ್ರಿ ತಾತನಾ? ಓಗಿ, ಬೇಲಿ ಪಕ್ಕದ್ಮನೆ," ಅಂದ.

ಬೇಲಿಯ ಪಕ್ಕದ ಮನೆಯ ಮುಂದೆ ಒಬ್ಬ ಮುದುಕ ಬೆನ್ನು ಹಾಕಿ ಕೂತು ಹುರುಳಿ ಕೇರುತ್ತಿದ್ದ. ತೆಳ್ಳನೆ ಆಳು, ನೆಟ್ಟಗಿನ ಬೆನ್ನು. ಸರ್ವಮಂಗಳಾ ಬೇಲಿಯ ಹತ್ತಿರ ನಿಂತಳು. ಏನಂತ ಕರೆಯುವುದು ಅಂತ ಇನ್ನೂ ಗೊತ್ತಾಗಿರಲಿಲ್ಲ. ಕೊನೆಗೆ ಬಾಯಿಗೆ ಬಂದದ್ದು ಅವಳಿಗೆ ಗೊತ್ತಿದ್ದ ಮೊದಲ ಪಾಠ.

"ಮೂರು, ಎಂಟು, ಒಂದು, ನಾಕು."

ಮುದುಕ ಮೊರ ಕೆಳಗಿಟ್ಟು ಸರಕ್ಕನೆ ಎದ್ದು ನಿಂತ. ಪಲ್ಟನ್ನಿನಲ್ಲಿ ಹಾಜರಿ ಕೂಗಿದವರಿಗೆ ಓಗೊಟ್ಟ ಹಾಗೆ "ಆಜರ್!" ಅಂದುಬಿಟ್ಟು, ತಾನೇ ನಾಚಿಕೊಂಡು ನಕ್ಕ. "ಯಾರ್ ತಾಯಿ ನೀವು? ಆ ನಂಬ್ರು ಕೇಳಿ ಐವತ್ತು ವರ್ಸ ಆಗಿತ್ತು."

ಎಪ್ಪತ್ತು, ಎಪ್ಪತ್ತೆರಡು ಇರಬಹುದು. ಅಪ್ಪಾಜಿಗೆ ಈಗ ಎಂಬತ್ತೊಂದಾಗಬೇಕಿತ್ತು. ಮುದುಕನ ಹೆಸರು ಮಂಟಯ್ಯ. ಸರ್ವಮಂಗಳಾ ಕಟ್ಟೆಯ ಮೇಲೆ ಕೂತಳು. ಅವನು ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟು, ಕುಡಿದು ಮುಗಿಸುವವರೆಗೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆಮೇಲೆ ಅವಳೇ ಎಲ್ಲ ಹೇಳಿದಳು.

"ಅಯ್ಯೋ ತಾಯಿ," ಅಂದ ಮಂಟಯ್ಯ. "ನಂಬ್ರು ಆಳಿಂದಲ್ಲ, ಪಲ್ಟನ್ನಿಂದು. ಆಳು ಬ್ಯಾರೆ ಪಲ್ಟನ್ಗೆ ವರ್ಗ ಆದ್ರೆ ಅಲ್ಲಿ ಬ್ಯಾರೆ ನಂಬ್ರು ಕೊಡ್ತಾರೆ. ಇಲ್ಲಿ ಇದು ಕಾಲಿ ಬೀಳ್ತದೆ. ಆಮ್ಯಾಕೆ ಸೇರ್ದೋನ್ಗೆ ಇದು. ನಾನು ನಲವತ್ತೆರಡ್ರಲ್ಲಿ ಇಲ್ಲೇ ಮೈಸೂರಲ್ಲಿ ಸೇರ್ದೆ. ಹವಾಲ್ದಾರ ಏಳ್ದ, ನೋಡ್ಲಾ, ಈ ನಂಬ್ರಿನೋನು ಸಮುದ್ರ ದಾಟಿ ಓದ, ಅಲ್ಲೇ ಸಾಮಾನು ಸಾಗ್ಸೋ ಪಲ್ಟನ್ಗೆ ಆಕುದ್ರು, ನೀನು ಇದಕ್ಕೆ ಕೆಟ್ಟೆಸ್ರು ತರ್ಬ್ಯಾಡ ಅಂತ. ಯಾರವ್ನು ಅಂತ ನಾನೂ ಎಷ್ಟೋ ಸಲ ಅನ್ಕಂಡಿವ್ನಿ."

"ಅಲ್ಲಿ ಯಾವ ನಂಬರು ಕೊಟ್ರು ಅಂತ ಗೊತ್ತಾ?"

"ನಂಗೆಂಗೆ ಗೊತ್ತಾಯ್ತದೆ ತಾಯಿ. ಆ ನಂಬ್ರು ಗೊತ್ತಿದ್ರೆ ಸಿಕ್ತಾರೆ. ಇಲ್ಲಾಂದ್ರೆ ಆ ಎಸರಿನೋರು ಅಲ್ಲಿ ಎಷ್ಟು ಜನವೋ."

ಬಸ್ಸಿನವರೆಗೂ ಅವನು ಜೊತೆಗೆ ಬಂದ. ಹತ್ತುವ ಮುಂಚೆ, ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ, "ನಾನೇ ನಿಮ್ಮಪ್ಪ ಆಗಿದ್ರೆ ಎಷ್ಟು ಚೆಂದಾಗಿರದು," ಅಂದ.

*

ಮನೆಯಲ್ಲಿ ಅವ್ವ ಬಾಗಿಲಲ್ಲೇ ಕಾದಿದ್ದಳು. "ಕಂಡ್ಯಾ?"

ಬೆಳಿಗ್ಗೆಯಿಂದ ಅಷ್ಟು ಹೊತ್ತೂ ಅವ್ವ ಅಲ್ಲೇ ಕೂತಿದ್ದಳು ಅಂತ ಪ್ರೇಮಲೀಲಾ ಕಣ್ಣಲ್ಲೇ ಸನ್ನೆ ಮಾಡಿದಳು. ಸರ್ವಮಂಗಳಾಗೆ ನಿಜ ಹೇಳುವ ಧೈರ್ಯ ಬರಲಿಲ್ಲ.

"ಮನೆ ಬೀಗ ಹಾಕಿತ್ತು ಅವ್ವ."

"ಮನೆ ಅಂತೂ ಐತಲ್ಲ," ಅಂದಳು ಅವ್ವ ಸಮಾಧಾನದಿಂದ.

ಹತ್ತು ದಿನ ಆ ಸುಳ್ಳನ್ನು ಸೆರಗಲ್ಲಿ ಕಟ್ಟಿಕೊಂಡು ಓಡಾಡಿದಳು. ಅವ್ವ ದಿನದಿನಕ್ಕೆ ಹುಷಾರಾಗುತ್ತಿದ್ದಳು. ಕೋಲು ಹಿಡಿದು ಹಿತ್ತಿಲವರೆಗೂ ಹೋಗಿ ಬರುತ್ತಿದ್ದಳು. ವಿಶ್ವನಾಥ ಮಾತ್ರ ಅವ್ವನ ಎದುರಿಗೆ ಕೂತು ಊಟ ಮಾಡುವುದನ್ನೇ ಬಿಟ್ಟಿದ್ದ. ಹನ್ನೊಂದನೆಯ ದಿನ ಸರ್ವಮಂಗಳಾ ಪೇಟೆಯಿಂದ ಬಂದು ನೋಡುತ್ತಾಳೆ, ಅವ್ವ ಅಡಿಗೆಮನೆಯಲ್ಲಿ ಮಣೆಯ ಮೇಲೆ ಕೂತು ಕೋಡುಬಳೆ ಹೊಸೆಯುತ್ತಿದ್ದಾಳೆ. ಬಾಣಲೆಯ ಮುಂದೆ ಪ್ರೇಮಲೀಲಾ.

"ಖಾರ ಕಮ್ಮಿ ಹಾಕಿಸಿದೀನಿ, ಕೆಮ್ಮಿಗೆ ಆಗಲ್ಲ," ಅಂದಳು ಅವ್ವ. "ನಾಳೆ ತಗೊಂಡು ಹೋಗು. ಬೀಗ ಹಾಕಿದ್ರೆ ಪಕ್ಕದ ಮನೇಲಿ ಕೊಟ್ಟು ಬಾ. ಯಾರು ಕೊಟ್ರು ಅಂತ ಹೇಳ್ಬೇಡ."

ಸರ್ವಮಂಗಳಾ ಅಲ್ಲೇ ನೆಲದ ಮೇಲೆ ಕೂತಳು. ಹಿಟ್ಟು ಮೆತ್ತಿದ ಅವ್ವನ ಕೈ ಹಿಡಿದುಕೊಂಡು ಎಲ್ಲವನ್ನೂ ಹೇಳಿದಳು. ಮಂಟಯ್ಯ, ಹವಾಲ್ದಾರ, ಖಾಲಿ ಬಿದ್ದ ನಂಬರು. ಅವ್ವ ಕೊನೆಯವರೆಗೂ ಕೇಳಿದಳು. ಬಾಣಲೆಯಲ್ಲಿ ಕೋಡುಬಳೆ ಕಪ್ಪಾಗತೊಡಗಿದಾಗ ಪ್ರೇಮಲೀಲಾ ಒಲೆ ಆರಿಸಿದಳು.

"ಪಲ್ಟನ್ ಬೇರೆ ಆದ್ರೆ ನಂಬರೂ ಬೇರೆ ಆಗ್ತದಾ?" ಅಂದಳು ಅವ್ವ.

"ಹೂಂ ಅವ್ವ."

"ನಂಬರೂ ಬೇರೆ ಆಗ್ತದಾ?" ಅಂತ ಮತ್ತೆ ಕೇಳಿದಳು. ಈ ಸಲ ಕೇಳಿದ್ದು ಮಗಳನ್ನಲ್ಲ.

ಹೊರಗೆ ವಿಶ್ವನಾಥನ ಸೈಕಲ್ಲು ನಿಂತ ಸದ್ದಾಯಿತು. ಅವನು ಅಡಿಗೆಮನೆಯ ಬಾಗಿಲಿಗೆ ಬಂದದ್ದು ಅವ್ವನಿಗೆ ಕಾಣಲಿಲ್ಲ.

"ನಲವತ್ಮೂರರಲ್ಲಿ," ಅಂದಳು ಅವ್ವ, "ವಿಶ್ವ ಅಂಬೆಗಾಲು ಬಿಟ್ಟು ನಡೆಯೋಕೆ ಕಲಿತಿದ್ದ. ಪೋಸ್ಟಿನೋನು ಬಂದ. ಕೈಯಲ್ಲೊಂದು ಕಾರ್ಡು. ಸಿದ್ದಲಿಂಗಮ್ಮ, ಇದ್ರಲ್ಲಿ ಸದಾ... ಅವರ ಹೆಸರು ಐತೆ, ಲಷ್ಕರ್ ಮೊಹಲ್ಲಾ ಅಂತ ಮಾತ್ರ ಐತೆ, ಮನೆ ಹೆಸರಿಲ್ಲ, ಶತ್ರುಗಳ ಕೈಲಿ ಸೆರೆ ಸಿಕ್ಕವ್ರಂತೆ, ನಿಮ್ಮೋರಾ ಅಂತ ಕೇಳ್ದ. ನಂಬರು ಎಷ್ಟಪ್ಪ ಅಂದೆ. ಒಂದೊಂದಾಗಿ ಓದ್ದ. ನಮ್ದಲ್ಲ ಕಣಪ್ಪ, ಮೇಲಿನ ಬೀದಿಯೋರ್ದಿರಬೇಕು, ಪಾಪ, ಅಲ್ಲಿ ಕೊಡು ಅಂದೆ. ಅವರು ಮನೆ ಖಾಲಿ ಮಾಡ್ಕೊಂಡು ಊರು ಬಿಟ್ಟಿದ್ರು. ಕಾರ್ಡು ವಾಪಸ್ ಹೋಯ್ತು."

ಅವ್ವ ಹಿಟ್ಟು ಮೆತ್ತಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು.

"ಆ ರಾತ್ರಿ ನಾನು ಮೇಲಿನ ಬೀದಿಯೋಳಿಗೋಸ್ಕರ ಅತ್ತೆ ಕಣೆ. ಗಂಡ ಸೆರೇಲವ್ನೆ, ಕಾಗದ ಕೈಗೆ ಸಿಗಲಿಲ್ವಲ್ಲ ಅಂತ."

"ಅವ್ವ, ಆ ನಂಬರು ನೆನಪಿದ್ಯಾ?" ಅಂತ ಕೇಳಿದವನು ವಿಶ್ವನಾಥ.

ಅವ್ವ ತಿರುಗಿ ಮಗನನ್ನು ನೋಡಿದಳು. ಐವತ್ತಮೂರು ವರ್ಷ ಯಾರೂ ಕೇಳದಿದ್ದ ಆ ಅಂಕಿಗಳನ್ನು ಪೋಸ್ಟಿನವನು ಓದಿದ ಹಾಗೆಯೇ ತಡೆದು ತಡೆದು ಹೇಳಿದಳು. "ಐದು. ಒಂದು. ಆರು. ಸೊನ್ನೆ. ಎಂಟು." ಆಮೇಲೆ, "ನಾನೇ ವಾಪಸ್ ಕಳಿಸ್ದೆ ಕಣೋ," ಅಂದಳು. "ಏನು ಬರೆದಿದ್ರೋ."

ವಿಶ್ವನಾಥ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ಅವ್ವನ ಪಕ್ಕ ಕುಕ್ಕರುಗಾಲಲ್ಲಿ ಕೂತ. ಹುಟ್ಟಿದಾಗಿನಿಂದ ಅವನು ಆ ಅಡಿಗೆಮನೆಗೆ ಚಪ್ಪಲಿ ಹಾಕಿಕೊಂಡು ಬಂದಿರಲಿಲ್ಲ. ಪ್ರೇಮಲೀಲಾ ನೋಡಿಯೂ ನೋಡದ ಹಾಗೆ ಬಾಣಲೆ ಕೆಳಗಿಳಿಸಿದಳು.

*

ಎರಡನೆಯ ಅರ್ಜಿಯನ್ನು ವಿಶ್ವನಾಥನೇ ರಿಜಿಸ್ಟರ್ ಮಾಡಿಸಿ ಬಂದ. ದಿನಾ ಸಂಜೆ ಗೇಟಿನಿಂದಲೇ, "ಬಂತಾ?" ಅಂತ ಕೇಳುತ್ತಾ ಒಳಗೆ ಬರುತ್ತಿದ್ದ. ಪ್ರೆಸ್ಸಿನವನು ಎರಡು ಸಲ ಹೇಳಿ ಕಳಿಸಿದ. "ಕಾಯಪ್ಪ, ನಮ್ಮವ್ವ ಕಾದಿರೋದ್ರ ಮುಂದೆ ನಿಂದೇನು," ಅಂತ ಬೈದು ಕಳಿಸಿದ. ಅವ್ವ ಎಲ್ಲರ ಜೊತೆ ಊಟಕ್ಕೆ ಕೂರುತ್ತಿದ್ದಳು. ಆದರೆ ಊಟದ ನಡುವೆ ಕೈ ನಿಲ್ಲುತ್ತಿತ್ತು.

"ಕ್ಷೇಮ ಅಂತ ಬರೆದಿರ್ತಾರೆ, ಅಲ್ವಾ?" ಅನ್ನುತ್ತಿದ್ದಳು. ಇನ್ನೊಂದು ದಿನ, "ಮಗು ಗಂಡೋ ಹೆಣ್ಣೋ ಅಂತ ಕೇಳಿರ್ತಾರೆ. ಅವರಿಗೆ ಅದೇ ಗೊತ್ತಿರಲಿಲ್ಲ." ಆ ಮಾತಿಗೆ ವಿಶ್ವನಾಥ ಎದ್ದು ಕೈ ತೊಳೆಯಲು ಹೋದವನು ಬಹಳ ಹೊತ್ತು ಬಚ್ಚಲಿನಿಂದ ಬರಲಿಲ್ಲ.

ಸಂಕ್ರಾಂತಿಗೆ ನಾಲ್ಕು ದಿನ ಇದ್ದಾಗ ಉತ್ತರ ಬಂತು. ಈ ಸಲ ಅಕ್ಷತಾ ಅಜ್ಜಿಯ ಪಕ್ಕದಲ್ಲಿ ಕೂತು, ಒಂದೊಂದು ಸಾಲನ್ನೂ ಕನ್ನಡ ಮಾಡಿ ಹೇಳಿದಳು. ಐದು ಒಂದು ಆರು ಸೊನ್ನೆ ಎಂಟು, ಸಿಪಾಯಿ ಸದಾಶಿವಯ್ಯ, ಲಷ್ಕರ್ ಮೊಹಲ್ಲಾ, ಮೈಸೂರು. ಸೆರೆಯಲ್ಲಿದ್ದಾಗ ಜ್ವರದಿಂದ ನಲವತ್ತನಾಲ್ಕನೇ ಇಸವಿ ಅಕ್ಟೋಬರ್ ಒಂಬತ್ತಕ್ಕೆ ತೀರಿಕೊಂಡರು. ಸಮಾಧಿಯ ಗುರುತಿಲ್ಲ. ಅಲ್ಲಿಯ ಸ್ಮಾರಕದ ಗೋಡೆಯ ಮೇಲೆ ಹೆಸರು ಕೊರೆದಿದೆ.

"ಹೆಸರಾ, ನಂಬರಾ?" ಅಂದಳು ಅವ್ವ.

"ಎರಡೂ ಅಂತೆ ಅಜ್ಜಿ."

"ಹೆಸರು ಇನ್ನೊಂದ್ಸಲ ಓದು."

ಅಕ್ಷತಾ ಓದಿದಳು. ಅವ್ವ ಕಣ್ಣು ಮುಚ್ಚಿ ಕೇಳಿ, "ಇನ್ನೊಂದ್ಸಲ," ಅಂದಳು. ಮೂರನೆಯ ಸಲಕ್ಕೆ ಅಕ್ಷತಾ ಕಾಗದ ಕೈಬಿಟ್ಟು ಅಜ್ಜಿಯ ತೋಳು ಹಿಡಿದುಕೊಂಡಳು. ಉಳಿದದ್ದನ್ನು ಸರ್ವಮಂಗಳಾ ಓದಿದಳು.

ಸಂಜೆ ವಿಶ್ವನಾಥ ಕರಡು ಹಾಳೆ ಹಿಡಿದುಕೊಂಡು ಅವ್ವನ ಮುಂದೆ ಬಂದು ನಿಂತ. ಸೆಪ್ಟೆಂಬರಿನಲ್ಲಿ ಹಾಕಿಸಿಬುಡ್ತೀನಿ ಅಂದಿದ್ದವನು ಈಗ, "ದಿವಂಗತ ಅಂತ ಹಾಕಿಸ್ಲಾ ಅವ್ವ?" ಅಂತ ಕೇಳಿದ.

"ಹಾಕ್ಸು. ಕಾಗದ ತೋರಿಸಿದ್ಯಲ್ಲ."

ಮಾರನೆ ಬೆಳಿಗ್ಗೆ ಸ್ನಾನವಾದ ಮೇಲೆ ಅವ್ವ ಕನ್ನಡಿಯ ಮುಂದೆ ಕೂತಳು. ಯಾವತ್ತಿನ ಹಾಗೆ ಕುಂಕುಮದ ಭರಣಿಯನ್ನು ಪ್ರೇಮಲೀಲಾ ಅಲ್ಲೇ ಇಟ್ಟಿದ್ದಳು, ಮುಚ್ಚಳ ತೆಗೆದು.

"ಐವತ್ತೆರಡು ವರ್ಷ ಸುಳ್ಳು ಕುಂಕುಮ ಇಟ್ಕೊಂಡೆ ಕಣಮ್ಮ."

"ಸುಳ್ಳು ಯಾಕೆ ಅತ್ತೆ? ಇಟ್ಕೊಳ್ಳಿ. ಯಾರು ಏನಂತಾರೋ ನಾನು ನೋಡ್ತೀನಿ. ಬೀಗರಿಗೂ ನಾನೇ ಹೇಳ್ತೀನಿ."

ಅವ್ವ ಸೊಸೆಯ ಮುಖವನ್ನು ಹೊಸದಾಗಿ ಕಂಡವಳ ಹಾಗೆ ನೋಡಿದಳು. "ಬೇಡ. ಗೊತ್ತಿಲ್ದೆ ಇದ್ದಾಗ ಇಟ್ಕೊಂಡಿದ್ದು. ಈಗ ಗೊತ್ತಾಯ್ತು," ಅಂದು ಭರಣಿಯ ಮುಚ್ಚಳವನ್ನು ತಾನೇ ಮುಚ್ಚಿ ಸೊಸೆಯ ಕೈಗೆ ಕೊಟ್ಟಳು. ಮೂರು ಬೆರಳಲ್ಲಿ ವಿಭೂತಿ ಹಚ್ಚಿಕೊಂಡಳು. ಬಳೆಗಳನ್ನು ಒಡೆಯಲಿಲ್ಲ. ಸೋಪು ನೀರಲ್ಲಿ ಕೈ ಅದ್ದಿ ಒಂದೊಂದಾಗಿ ಬಿಡಿಸಿ, "ಅಕ್ಷತಾ ತೊಟ್ಕೊಳ್ಳಲಿ, ಚೆನ್ನಾಗಿವೆ," ಅಂದಳು.

*

ಮಂಟಯ್ಯ ಬಂದದ್ದು ಫ಼ೆಬ್ರವರಿ ಮೊದಲ ವಾರ, ಪೆನ್ಷನ್ನಿಗೆಂದು ಮೈಸೂರಿಗೆ ಬಂದವನು. ಸರ್ವಮಂಗಳಾ ಅವನಿಗೆ ಒಂದು ಕಾರ್ಡು ಹಾಕಿ ವಿಷಯವನ್ನೆಲ್ಲ ತಿಳಿಸಿದ್ದಳು. ಒಗೆದ ಶರಟು, ತಲೆಗೊಂದು ವಸ್ತ್ರ, ಕೈಯಲ್ಲಿ ಎರಡು ಕುಂಬಳಕಾಯಿ. ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಕೂತು, ಕರೆದರೂ ಒಳಗೆ ಬರಲಿಲ್ಲ.

"ಬುಡಿ ತಾಯಿ, ನಾವು ಇಲ್ಲೇ ಕುಂತ್ಕತೀವಿ. ಅವ್ವಾರನ್ನ ನೋಡ್ಕಂಡು ಓಯ್ತೀನಿ."

ಪ್ರೇಮಲೀಲಾ ಅಡಿಗೆಮನೆಯ ಬಾಗಿಲಿನಿಂದ, "ಊಟದ ಹೊತ್ತು. ಜಗಲಿಗೇ ಎಲೆ ಹಾಕಿ ಕೊಡ್ಲಾ ಅತ್ತಿಗೆ?" ಅಂತ ಪಿಸುಗುಟ್ಟಿದಳು. ಸರ್ವಮಂಗಳಾ ಉತ್ತರ ಕೊಡುವಷ್ಟರಲ್ಲಿ ಕೋಲಿನ ಸದ್ದು ಕೇಳಿತು. ಅವ್ವ ಹೊಸ್ತಿಲವರೆಗೂ ಬಂದು ನಿಂತಿದ್ದಳು.

ಮಂಟಯ್ಯ ಎದ್ದು ಕೈ ಮುಗಿದ. ಅವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಒಳಗೆ ಬಾಪ್ಪ."

"ಅವ್ವಾ, ನಾವು..."

"ಬಾ ಅಂದೆ."

ವಿಶ್ವನಾಥ ಎದ್ದು ಚೊಂಬಿನಲ್ಲಿ ನೀರು ತಂದು ಮಂಟಯ್ಯನ ಕಾಲಿಗೂ ಕೈಗೂ ಸುರಿದ. ಒಳಗೆ ಮಣೆ ಹಾಕಿದ. ಮಂಟಯ್ಯ ಅದರ ತುದಿಯಲ್ಲಿ ಕೂತ. ಅವ್ವ ಎದುರಿಗೆ ಗೋಡೆಗೊರಗಿ ಕೂತಳು. ಅವ್ವನಿಗೆ ಕೇಳುವುದೇನಾದರೂ ಇದ್ದರೆ ಅದು ಪಲ್ಟನ್ನಿನ ವಿಷಯ, ಸಮುದ್ರದ ವಿಷಯ, ಸೆರೆಯ ವಿಷಯ ಅಂತ ಸರ್ವಮಂಗಳಾ ಅಂದುಕೊಂಡಿದ್ದಳು.

"ಬಿಡುಗಡೆ ಆಗಿ ಮನೆಗೆ ಬಂದ್ಯಲ್ಲ," ಅಂದಳು ಅವ್ವ. "ಆವತ್ತು ಏನು ಉಂಡೆ?"

ಮಂಟಯ್ಯ ಕಣ್ಣರಳಿಸಿದ. "ಆವತ್ತಾ? ನಮ್ಮವ್ವ ಇಟ್ಟು ಮಾಡಿದ್ಳು. ಇತಕವರೆ ಸಾರು. ಮಾರ್ಚಿ ತಿಂಗ್ಳು ಅವರೆ ಎಲ್ಲಿತ್ತೋ ಕಾಣೆ, ನನಗೇ ಅಂತ ಎತ್ತಿಟ್ಟಿದ್ಲಂತೆ. ನಾಕು ಮುದ್ದೆ ಉಂಡೆ ಅವ್ವಾ. ಐದ್ನೇದಕ್ಕೆ ನಮ್ಮಪ್ಪ ಸಾಕು ಬುಡ್ಲಾ, ಸತ್ತೋದೀಯ ಅಂದ."

ಅಕ್ಷತಾ ಕಿಸಕ್ಕನೆ ನಕ್ಕಳು. ವಿಶ್ವನಾಥನಿಗೂ ನಗು ಬಂತು.

"ನಿಮ್ಮವ್ವ ಏನಂದ್ಲು?"

"ಏನೂ ಅನ್ನಲಿಲ್ಲ. ಮುಂದೆ ಕುಂತ್ಕಂಡು ನೋಡ್ತಿದ್ಲು."

ಅವ್ವ ಕೋಲೂರಿ ಎದ್ದಳು. ಹಿಡಿದುಕೊಳ್ಳಲು ಬಂದ ಪ್ರೇಮಲೀಲಾಳನ್ನು ಕೈಸನ್ನೆಯಲ್ಲೇ ನಿಲ್ಲಿಸಿ ಒಬ್ಬಳೇ ಅಡಿಗೆಮನೆಗೆ ಹೋದಳು. ಒಳಗೆ ಮುಚ್ಚಳ ತೆಗೆದ ಸದ್ದು, ಸೌಟಿನ ಸದ್ದು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಹೊರಗೆ ಬಂದಾಗ ಅವಳ ಕೈಯಲ್ಲಿ ಕೋಲಿರಲಿಲ್ಲ. ಅಂಚಿನಲ್ಲಿ ಆ ನಾಲ್ಕು ಅಂಕಿಗಳಿದ್ದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಹಬೆಯಾಡುವ ಮುದ್ದೆ, ಸಾರು, ಒಂದು ಬದಿಗೆ ಸೊಪ್ಪಿನ ಪಲ್ಯ. ನಡುಮನೆಯ ಅಷ್ಟು ದೂರವನ್ನು ಅವಳು ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ದಾಟುವಾಗ ಯಾರೂ ಏಳಲಿಲ್ಲ.

ಮಂಟಯ್ಯ ಎರಡೂ ಕೈ ಚಾಚಿದ. ಅವ್ವ ತಟ್ಟೆಯನ್ನು ಅವನ ಕೈಗೆ ಕೊಟ್ಟಳು.